ಹೊಳೆ ಸರ್ಕಾರದ್ದಾದ ವರ್ಷ

ಆ ದಿನಗಳಲ್ಲಿ ದೀಪಾವಳಿ ಮುಗಿದು ಭೀಮೆ ಇಳಿಯತೊಡಗಿತೆಂದರೆ ನಮ್ಮೂರ ಶಾಲೆಯ ಹಿಂದಿನ ಸಾಲುಗಳು ಖಾಲಿಯಾಗುತ್ತಿದ್ದವು. ಮಾಸ್ತರರು ಯಾರನ್ನೂ ಹುಡುಕಿಸುತ್ತಿರಲಿಲ್ಲ. ನಮ್ಮ ಓಣಿಯ ಮಕ್ಕಳೆಲ್ಲ ಹೊಳೆಗೆ ಇಳಿದಿರುತ್ತಾರೆ, ಹೋಳಿಹುಣ್ಣಿಮೆ ದಾಟಿದ ಮೇಲೆ ಮೈ ಕಪ್ಪಾಗಿಸಿಕೊಂಡು, ತಲೆಯಲ್ಲಿ ಉಸುಕು ತುಂಬಿಕೊಂಡು ತಾವಾಗಿಯೇ ಬರುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಅಫಜಲಪುರ ತಾಲೂಕಿನ ದಂಡೆಯ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ನಾವು ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುವವರು.

ಮಳೆಗಾಲದಲ್ಲಿ ಭೀಮೆ ದಂಡೆಯಿಂದ ದಂಡೆಗೆ ಮಣ್ಣುಬಣ್ಣದ ನೀರು ತುಂಬಿಕೊಂಡು ಹೋಗುತ್ತಿತ್ತು. ಚಳಿ ಬೀಳುವ ಹೊತ್ತಿಗೆ ಒಂದು ಬದಿಗೆ ಸರಿದು ತೆಳ್ಳಗಾಗುತ್ತಿತ್ತು. ಉಳಿದ ಅಗಲವೆಲ್ಲ ಉಸುಕು. ಹಸಿಯಿದ್ದಾಗ ಬೆಲ್ಲದ ಬಣ್ಣ, ಒಣಗಿದರೆ ಜೋಳದ ನುಚ್ಚಿನ ಬಣ್ಣ. ನಮ್ಮದು ಅಂಬಿಗರ ಓಣಿ. ಅಜ್ಜ ಹರಗೋಲು ಹಾಕುತ್ತಿದ್ದವ. ಸೇತುವೆ ಆದ ಮೇಲೆ ಹರಗೋಲು ಅಂಗಳದಲ್ಲಿ ಮಗುಚಿ ಬಿದ್ದು ಕೋಳಿ ಮುಚ್ಚುವ ಬುಟ್ಟಿಯಾಯಿತು. ದಂಡೆಯ ಮೇಲಿನ ಕರಿಹೊಲಗಳೆಲ್ಲ ಬೇರೆಯವರವು. ನಮಗಿದ್ದದ್ದು ಹೊಳೆಯೊಂದೇ, ಅದೂ ವರ್ಷದಲ್ಲಿ ನಾಲ್ಕೈದು ತಿಂಗಳು.

ಉಸುಕು ಹಂಚುವುದು ನಮ್ಮ ಆಯಿಯ ಕೆಲಸ. ಆಯಿ ಅಂದರೆ ಅಪ್ಪನ ತಾಯಿ. ಓಣಿಯ ಹಿರಿಯರನ್ನು ಹಿಂದೆ ಕರೆದುಕೊಂಡು, ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ, ಒಂದು ಹುಣಸೆಕೋಲು ಎಳೆಯುತ್ತ ಉಸುಕಿನ ಉದ್ದಕ್ಕೂ ನಡೆಯುತ್ತಿದ್ದಳು. ಕೋಲಿನ ಈ ಕಡೆ ಒಬ್ಬರ ಪಟ್ಟಿ, ಆ ಕಡೆ ಇನ್ನೊಬ್ಬರದು. ಪ್ರವಾಹ ಹೋದ ವರ್ಷದ ಗಡಿಯನ್ನೆಲ್ಲ ಅಳಿಸಿರುತ್ತಿತ್ತು, ಅದರ ಜೊತೆಗೆ ಹೋದ ವರ್ಷದ ಜಗಳಗಳನ್ನೂ. ಮನೆಯಲ್ಲಿ ಬಾಯಿ ಹೆಚ್ಚಿದ್ದವರಿಗೆ ಅಗಲವಾದ ಪಟ್ಟಿ, ಗಂಡ ಸತ್ತವಳಿಗೆ ನೀರಿಗೆ ಹತ್ತಿರದ ಪಟ್ಟಿ. ಇದಕ್ಕೆ ಕಾಗದವಿರಲಿಲ್ಲ. ಬೇಕೆಂದು ಯಾರಿಗೂ ಅನಿಸಿಯೂ ಇರಲಿಲ್ಲ. ಸುಗ್ಗಿಯಲ್ಲಿ ಊರ ಜಮೀನಿನ ಲೆಕ್ಕ ಬರೆಯುವ ತಲಾಟಿಯವರ ಮನೆಗೆ ಒಂದು ಹೊರೆ ಹಣ್ಣು ಹೋಗುತ್ತಿತ್ತು. ಅವರು ಕಟ್ಟೆಯ ಮೇಲೆ ಕೂತು ಕೊಯ್ದು ತಿಂದು, ಬೀಜ ಉಗುಳುತ್ತ, "ಈ ಸಲ ಸಕ್ರಿ ಆಗ್ಯಾವ ನೋಡು ಆಯಿ" ಅನ್ನುತ್ತಿದ್ದರು. ಸರ್ಕಾರವೆಂದರೆ ನಮಗೆ ಅಷ್ಟೇ ಗೊತ್ತಿತ್ತು.

ನಾನು ಹೇಳಹೊರಟಿರುವುದು ಎಂಬತ್ತರ ದಶಕದ ಕೊನೆಯ ಒಂದು ಸುಗ್ಗಿಯನ್ನು. ನಾನಾಗ ಐದನೆಯ ಇಯತ್ತೆ. ಆ ವರ್ಷ ಉಸುಕಿನ ಮೇಲೆ ಹಾಕಿಕೊಂಡಿದ್ದ ನಮ್ಮ ಗುಡಿಸಲಿಗೆ ಹೊಸ ಮನುಷ್ಯಳೊಬ್ಬಳು ಬಂದಿದ್ದಳು, ಕಸ್ತೂರಿ ಕಾಕಿ. ಅಪ್ಪನ ತಮ್ಮ ಭೀಮಶ್ಯಾ ಕಾಕಾನ ಹೆಂಡತಿ. ಜೇವರ್ಗಿ ಕಡೆಯ ದಂಡೆಯೂರಿನವಳು. ನನಗಿಂತ ಹೆಚ್ಚೆಂದರೆ ಏಳೆಂಟು ವರ್ಷ ದೊಡ್ಡವಳಿದ್ದಳು. ಆಯಿ ಕಣ್ಣಿಗೆ ಬೀಳದ ಹೊತ್ತಿನಲ್ಲಿ ನನ್ನ ಜೊತೆ ಹರಳಾಟಕ್ಕೆ ಕೂತುಬಿಡುತ್ತಿದ್ದಳು. ಐದೂ ಹರಳನ್ನು ಒಂದೇ ಸಲ ಅಂಗೈ ಹಿಂಬದಿಯಲ್ಲಿ ಹಿಡಿಯುತ್ತಿದ್ದಳು. ಬಳೆ ಸದ್ದಾಗಬಾರದೆಂದು ಮೊಣಕೈವರೆಗೆ ಏರಿಸಿಕೊಂಡಿರುತ್ತಿದ್ದಳು.

ನನ್ನ ಅವ್ವನಿಗೆ ಮಾತ್ರ ಉಸುಕು ಎಂದೂ ಒಗ್ಗಲಿಲ್ಲ. ಅವಳದು ಆಳಂದ ತಾಲೂಕಿನ ನಿಂಬರ್ಗಾ. ತೊಗರಿ, ಬಿಳಿಜೋಳದ ಕರಿಭೂಮಿಯ ಊರು. "ನಮ್ಮೂರಾಗ ಕಾಲಿಗಿ ಮಣ್ಣು ಹತ್ತಿದ್ರ ಬಿಡಾಂಗಿಲ್ಲ, ಇಲ್ಲಿ ಕಾಲಿಟ್ರ ನೆಲಾನೇ ಜಾರ್ತದ. ಇದೇನು ಭೂಮಿಯೋ ಏನು ಹಿಟ್ಟೋ" ಎಂದು ಗೊಣಗುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನಲ್ಲೂ ಉಸುಕು, ಶೇಂಗಾಹಿಂಡಿಯಲ್ಲೂ ಉಸುಕು. ಪುಂಡಿಪಲ್ಲೆ ತಿನ್ನುವಾಗ ಹಲ್ಲಿನ ನಡುವೆ ಕರಕರ ಅನ್ನುತ್ತಿತ್ತು. ನಮಗದು ರೂಢಿ. ಸುಗ್ಗಿ ಮುಗಿದು ಮನೆಗೆ ಹೋದ ಮೇಲೆ ಮೊದಲ ಊಟದಲ್ಲಿ ಏನೋ ಕಡಿಮೆಯಾಗಿದೆ ಅನಿಸುತ್ತಿತ್ತು.

ಬಿತ್ತುವುದೆಂದರೆ ಉಸುಕನ್ನು ಮೊಣಕಾಲುದ್ದ ತೋಡಿ ಹಸಿ ತಾಕುವವರೆಗೆ ಇಳಿಯಬೇಕು. ಆ ಕುಣಿಯಲ್ಲಿ ಕುರಿಗೊಬ್ಬರ ತುಂಬಬೇಕು. ಬೀಜವನ್ನು ಹಿಂದಿನ ದಿನವೇ ಒದ್ದೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿಟ್ಟು ಮೊಳಕೆ ಕಣ್ಣು ಬಿಟ್ಟ ಮೇಲೆ ಇಡಬೇಕು. ಕಾಕಿ ಆ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು ಮಲಗಿದ್ದಳೆಂದು ಆಯಿಗೆ ಅವಳ ಮೇಲೆ ಬಹಳ ಅಕ್ಕರೆಯಾಯಿತು. ನಾವು ಮಕ್ಕಳು ವರತಿ ತೋಡುತ್ತಿದ್ದೆವು. ಕೈಯಿಂದ ಉಸುಕು ಎತ್ತುತ್ತ ಹೋದರೆ ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ಜಿನುಗುತ್ತಿತ್ತು. ಮೊದಲು ಕದಡಿದ್ದು, ಆಮೇಲೆ ತಿಳಿ. ಅಂಥ ತಣ್ಣಗಿನ ನೀರನ್ನು ನಾನು ಆಮೇಲೆ ಎಲ್ಲೂ ಕುಡಿದಿಲ್ಲ. ಕೊಡದಲ್ಲಿ ತುಂಬಿ ಒಂದೊಂದು ಕುಣಿಗೂ ಹನಿಸುತ್ತ ಹೋಗುವುದು, ಬಳ್ಳಿ ಹಬ್ಬಿದ ಮೇಲೆ ಎಲೆ ಸುಡಬಾರದೆಂದು ಅಡಿಯಲ್ಲಿ ಹುಲ್ಲು ಹಾಸುವುದು, ಕಾಯಿ ನೆಲಕ್ಕೆ ತಾಕುವ ಬದಿಯನ್ನು ಆಗಾಗ ಹೊರಳಿಸುವುದು ನಮ್ಮ ಕೆಲಸ. ಉಳಿದ ಹೊತ್ತೆಲ್ಲ ಆಟ. ಉಸುಕಿನಲ್ಲಿ ಬಿದ್ದರೆ ಗಾಯವಾಗುವುದಿಲ್ಲವಲ್ಲ, ಎಷ್ಟು ಬಿದ್ದರೂ ಯಾರೂ ಬೈಯುತ್ತಿರಲಿಲ್ಲ.

ಕಾಕಾ ಕಾಯಿಯ ಮೇಲೆ ಬೆರಳು ಬಾರಿಸಿ ನನ್ನ ಕಿವಿಯನ್ನು ಅದಕ್ಕೆ ಹಚ್ಚುತ್ತಿದ್ದ. "ಏನಂತದ?"

"ಠಣ್ ಅಂತದ ಕಾಕಾ."

"ಹಂಗಾದ್ರ ಇನ್ನೂ ಸಾಲಿಗಿ ಹೋಗ್ತದ ಅದು. ಬದ್ ಅಂದ್ರ ಬಜಾರಕ್ಕ ಬಂತು ಅಂತ ತಿಳ್ಕೋ."

ಅವನು ಎತ್ತರದ ಆಳು. ನಗುವಾಗ ತಲೆ ಹಿಂದಕ್ಕೆ ಚೆಲ್ಲುತ್ತಿದ್ದ. ಆ ವರ್ಷ ಅವನು ಬಹಳ ನಗುತ್ತಿದ್ದ. ಕಾಕಿ ಬಸುರಾಗಿದ್ದಾಳೆಂಬ ಮಾತು ಸಂಕ್ರಾಂತಿಯ ಹೊತ್ತಿಗೆ ನನಗೂ ತಿಳಿಯಿತು. ಭೋಗಿಗೆ ಸಜ್ಜೆರೊಟ್ಟಿ, ಬದನೆಕಾಯಿ ಎಣಗಾಯಿ ಕಟ್ಟಿಕೊಂಡು ನೀರಿನ ಅಂಚಿಗೆ ಹೋಗಿ ಎಲ್ಲರೂ ಉಂಡೆವು. ಆಯಿ ಗಂಗವ್ವನಿಗೆ ಎಡೆ ಹಿಡಿದು, ಕಾಕಿಯ ಹಣೆಗೆ ಹೊಳೆಯ ನೀರು ಹಚ್ಚಿದಳು.

ಕಾಯಿ ತೆಂಗಿನಕಾಯಿ ಗಾತ್ರ ಆಗಿದ್ದವು, ಆಗ ಜೀಪು ಬಂತು.

ದಂಡೆಯ ಮೇಲೆ ನಿಂತ ಜೀಪಿನಿಂದ ಸಾಹೇಬರೊಬ್ಬರು ಇಳಿದರು. ಬೂಟಿನಲ್ಲಿ ಉಸುಕು ತುಂಬಿ ನಡೆಯಲಾಗದೆ ಕೊನೆಗೆ ಅವನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಜೊತೆಗೆ ನಮ್ಮ ತಲಾಟಿ ಇದ್ದರು. ಇನ್ನಿಬ್ಬರು ಸರಪಳಿ ಹಿಡಿದು ಅಳೆಯುತ್ತ, ಅಲ್ಲಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟ ನೆಡುತ್ತ ಬಂದರು. ಒಂದು ಗೂಟ ನಮ್ಮ ಬಳ್ಳಿಯ ನಡುವೆಯೇ ಇಳಿಯಿತು. ಆಯಿ ಬಂದವರಿಗೆ ನೆರಳಿನಲ್ಲಿ ಕಂಬಳಿ ಹಾಸಿದಳು. ಬೇಗ ಮಾಗಿದ್ದ ಒಂದು ಹಣ್ಣನ್ನು ಕೊಯ್ದು ಮುಂದಿಟ್ಟಳು. ಸಾಹೇಬರು ತಿಂದರು. ದಕ್ಷಿಣದ ಕಡೆಯವರು, ಮಾತು ಮೆತ್ತಗಿತ್ತು.

"ಅಜ್ಜಿ, ಈ ಮರಳು ಹರಾಜಾಗಿದೆ. ನೀವೆಲ್ಲ ಜಾಗ ಖಾಲಿ ಮಾಡಬೇಕು."

"ಮರಳು ಅಂದ್ರೇನ್ರಿ?" ಎಂದಳು ಆಯಿ. ನಮ್ಮಲ್ಲಿ ಮರುಳು ಅಂದರೆ ಹುಚ್ಚು.

"ಉಸುಕು ಬೇ ಆಯಿ, ಉಸುಕು" ಎಂದರು ತಲಾಟಿ, ನೆಲ ನೋಡುತ್ತ.

"ಉಸುಕು ಯಾರು ಲಿಲಾವು ಮಾಡಿದ್ರು?"

"ಸರ್ಕಾರ, ಅಜ್ಜಿ. ಹೊಳೆ ಸರ್ಕಾರದ್ದು. ಮೊದಲಿಂದಲೂ ಸರ್ಕಾರದ್ದೇ. ನೀವು ಇಷ್ಟು ವರ್ಷ ಮಾಡಿಕೊಂಡು ಬಂದಿರಿ, ಯಾರೂ ಕೇಳಲಿಲ್ಲ. ಈಗ ಗುಲಬರ್ಗಾದಲ್ಲಿ ಕಟ್ಟಡಗಳು ಏಳುತ್ತಿವೆ. ಉಸುಕು ಬೇಕು."

ಆಯಿ ಹೇಳಿದಳು: "ಸರ್ಕಾರದ್ದೇ ಇರ್ಲಿ ಸಾಹೇಬ್ರ, ನಾವು ಇಲ್ಲ ಅನ್ನಂಗಿಲ್ಲ. ನಾವೇನ್ ಹೊಳಿ ಹೊತ್ಕೊಂಡು ಹೋಗಾಕತ್ತಿಲ್ಲ. ಹಣ್ಣು ಹರ್ಕೋತೇವಿ, ಮ್ಯಾಲ ಹೋಗ್ತೇವಿ. ಮಳಿ ಬಂತಂದ್ರ ಹೊಳಿ ತಿರುಗಿ ಹೊಳೀನೇ. ಹೋಳಿಹುಣ್ಣಿವಿ ತನಕ ತಡ್ರಿ. ಕಾಯಿ ಬಲಿಯಾಕತ್ತಾವ, ಎದಿಮ್ಯಾಗಿನ ಕೂಸು ಇದ್ದಂಗ ಅವ."

ಸಾಹೇಬರು ತಲಾಟಿಯ ಮುಖ ನೋಡಿದರು. "ಆ ಕಡೆಯ ತುದಿಯಿಂದ ತೆಗೆಯಲು ಶುರು ಮಾಡಲಿ ಅಂತ ಹೇಳುತ್ತೇನೆ. ನಿಮ್ಮ ಕಡೆ ಬರುವ ಹೊತ್ತಿಗೆ ನಿಮ್ಮದು ಮುಗಿದಿರುತ್ತದೆ" ಎಂದರು. ಅವರು ಸುಳ್ಳು ಹೇಳಿದರೆಂದು ನನಗೆ ಇಂದಿಗೂ ಅನಿಸುವುದಿಲ್ಲ. ಅವರು ಯಾರಿಗೆ ಹೇಳಿದರೋ, ಅವರು ಕೇಳಲಿಲ್ಲ ಅಷ್ಟೇ. ಹೋಗುವಾಗ ಬಳ್ಳಿ ತುಳಿಯದಂತೆ ಬರಿಗಾಲನ್ನು ಎತ್ತೆತ್ತಿ ಇಡುತ್ತ ಹೋದರು.

ಅಪ್ಪ, ಕಾಕಾ, ಓಣಿಯ ಇನ್ನೂ ಕೆಲವರು ಅಫಜಲಪುರಕ್ಕೆ ಹೋಗಿ ಅರ್ಜಿ ಕೊಟ್ಟು ಬರೋಣವೆಂದು ಹೊರಟರು. ಸಂಜೆ ಬಂದವರು ಕಾಲು ತೊಳೆದು ಕೂತರು. ಅವ್ವ ಚಹಾ ಕೊಟ್ಟ ಮೇಲೆ ಕಾಕಾ ಹೇಳಿದ: "ಅರ್ಜ್ಯಾಗ ಸರ್ವೆ ನಂಬರ ಬರೀರಿ ಅಂದ್ರು. ಹೊಳಿಗಿ ಎಲ್ಲಿ ಸರ್ವೆ ನಂಬರ ತರೂದು? ನಂಬರ ಇಲ್ಲಂದ್ರ ನಿಮ್ದು ಹೊಲಾನೇ ಅಲ್ಲ, ಹೊಲ ಅಲ್ಲಂದ್ರ ಬೆಳಿನೂ ಅಲ್ಲ ಅಂದ್ರು."

"ಮತ್ತ ಇದೇನಂತ?" ಎಂದಳು ಆಯಿ, ಹೊರಗೆ ಕೈ ತೋರಿಸಿ. ದೂರದವರೆಗೆ ಹಸಿರು ಹಬ್ಬಿತ್ತು.

"ಅತಿಕ್ರಮಣ ಅಂತ" ಎಂದ ಅಪ್ಪ. ಆ ಶಬ್ದವನ್ನು ನಾನು ಮೊದಲ ಸಲ ಕೇಳಿದ್ದು ಆಗ. ಪುರಾಣದಲ್ಲಿ ಬರುವ ಯಾವನೋ ರಾಕ್ಷಸನ ಹೆಸರಿರಬೇಕೆಂದುಕೊಂಡೆ.

ಲಾರಿಗಳು ಬೆಳಗಿನ ಹೊತ್ತು ಬಂದವು. ಆ ಕಡೆಯ ತುದಿಯಿಂದಲ್ಲ. ಆ ಕಡೆ ದಂಡೆ ಕಡಿದಾಗಿತ್ತು, ಲಾರಿ ಇಳಿಯುತ್ತಿರಲಿಲ್ಲ. ಇಳಿಯಲು ದಾರಿಯಿದ್ದದ್ದು ನಮ್ಮ ಬದಿಗೇ. ಉಸುಕಿನಲ್ಲಿ ಗಾಲಿ ಹೂಳಬಾರದೆಂದು ಲಿಲಾವು ಹಿಡಿದ ಸಾವಕಾರನ ಆಳುಗಳು ಬಂಡಿಗಟ್ಟಲೆ ಕಣಿಕೆ, ಒಣಗಿದ ಜೋಳದ ದಂಟು, ತಂದು ಹಾಸಿದರು. ಅದರ ಅಡಿಯಲ್ಲಿ ಮೊದಲು ನಮ್ಮ ಪಕ್ಕದವರ ಪಟ್ಟಿ ಹೋಯಿತು, ಆಮೇಲೆ ನಮ್ಮ ಅರ್ಧ. ಲಾರಿಯ ಗಾಲಿ ಹತ್ತಿದಾಗ ಕಾಯಿಗಳು ಒಡೆಯುವ ಸದ್ದು ಕಣಿಕೆಯೊಳಗಿಂದ ಕೇಳುತ್ತಿತ್ತು. ಇನ್ನೂ ಬಿಳಿ ತಿರುಳಿನ, ಬೀಜ ಬಲಿಯದ ಕಾಯಿಗಳು. ಹಸಿ ಕಲ್ಲಂಗಡಿ ಒಡೆದಾಗ ಸೌತೆಕಾಯಿಯಂಥದೊಂದು ತಂಪು ವಾಸನೆ ಬರುತ್ತದೆ. ಆವತ್ತು ಹೊಳೆಯೆಲ್ಲ ಆ ವಾಸನೆ, ಅದರ ಮೇಲೆ ಡೀಸೆಲ್ಲಿನ ಹೊಗೆ.

ಆಯಿ ಹೋಗಿ ಲಾರಿಯ ಮುಂದೆ ಕೂತಳು. ಅವಳ ಹಿಂದೆ ಅವ್ವ, ಕಾಕಿ, ಓಣಿಯ ಹೆಂಗಸರು. ಉಸುಕು ಸುಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದರು. ಆಯಿಯನ್ನು ಯಾರೂ ಹೊಡೆಯಲಿಲ್ಲ. ಇಬ್ಬರು ಎರಡು ಕಡೆಯಿಂದ ರಟ್ಟೆ ಹಿಡಿದು, ಧಾನ್ಯದ ಚೀಲ ಎತ್ತಿದ ಹಾಗೆ ಎತ್ತಿ ಬದಿಗೆ ಕೂರಿಸಿದರು. ಆಕೆ ಎದ್ದು ಮತ್ತೆ ಬಂದು ಕೂತಳು. ಮತ್ತೆ ಎತ್ತಿದರು. ಮೂರನೆಯ ಸಲ ಅವಳ ಕಾಲು ಏಳಲಿಲ್ಲ. ಅದನ್ನು ನೋಡಲಾಗದೆ ಕಾಕಾ ಒಬ್ಬ ಪೇದೆಯ ಎದೆಗೆ ಕೈ ಹಚ್ಚಿ ದಬ್ಬಿದ. ಅವನನ್ನೂ ಅಪ್ಪನನ್ನೂ ಜೀಪಿನಲ್ಲಿ ಹಾಕಿಕೊಂಡು ಹೋದರು. ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ. ಮರುದಿನ ಬಿಟ್ಟರು. ಕಾಕಾನ ಕೆಳದುಟಿ ಒಡೆದಿತ್ತು. ಅವನು ನಡೆಯುವಾಗ ಒಂದು ಕಾಲು ಎಳೆಯುತ್ತಿದ್ದ. ಏನಾಯಿತೆಂದು ಕಾಕಿ ಕೇಳಿದಳು. ಅವನು ಕುಡಿಯಲು ನೀರು ಕೇಳಿದ.

ಅವರಿಬ್ಬರೂ ಇಲ್ಲದ ಆ ಒಂದು ದಿನದಲ್ಲಿ ಲಾರಿ ಮುಳ್ಳುಬೇಲಿ ಮುರಿದ ಜಾಗದಿಂದ ಊರ ದನಗಳು ನುಗ್ಗಿ ಉಳಿದ ಬಳ್ಳಿಯನ್ನೂ ಮೇದುಬಿಟ್ಟವು. ನಾನೂ ಅವ್ವನೂ ಕಲ್ಲು ಬೀರುತ್ತ ಓಡಾಡಿದೆವು. ಎಷ್ಟಂತ ಓಡಿಸುವುದು?

ಗುಡಿಸಲು ಕಿತ್ತು ಊರಿಗೆ ಬಂದೆವು. ಸುಗ್ಗಿ ಮುಗಿಯುವ ಕಾಲ ಇನ್ನೂ ಬಂದಿರಲಿಲ್ಲ. ಶಾಲೆಗೆ ಹೋದರೆ ಮಾಸ್ತರರು "ಇಷ್ಟು ಜಲ್ದಿ ಯಾಕ ಬಂದ್ಯವ್ವಾ?" ಎಂದು ಕೇಳಿದರು. ಎಲ್ಲ ಗೊತ್ತಿದ್ದೂ ಕೇಳಿದ್ದರೋ, ಮರೆತು ಕೇಳಿದ್ದರೋ. ನಾನು ಹಿಂದಿನ ಸಾಲಿನಲ್ಲಿ ಹೋಗಿ ಕೂತೆ. ನಮ್ಮ ಓಣಿಯ ಮಕ್ಕಳೆಲ್ಲ ಅಲ್ಲಿದ್ದರು.

ಆಗ ಸಾವಕಾರನ ಮುನೀಮ ಓಣಿಗೆ ಬಂದ. ಲಾರಿ ತುಂಬಲು ಆಳುಗಳು ಬೇಕಾಗಿದ್ದರು. ಉಸುಕಿನಲ್ಲಿ ನಿಂತು ಸಲಿಕೆ ಹೊಡೆಯಲು ನಮ್ಮವರಿಗಿಂತ ಗಟ್ಟಿಗರು ಎಲ್ಲಿ ಸಿಗುತ್ತಾರೆ? ಮೊದಲ ದಿನ ಯಾರೂ ಹೋಗಲಿಲ್ಲ. ಮುನೀಮನಿಗೆ ಕೂರಲು ಯಾರೂ ಕಂಬಳಿ ಹಾಸಲಿಲ್ಲ. ಆದರೆ ಅವನಿಗೆ ಅವಸರವಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಒಂದೊಂದೇ ಮನೆಯಿಂದ ಒಬ್ಬೊಬ್ಬರು, ಮುಖಕ್ಕೆ ಟವೆಲು ಸುತ್ತಿಕೊಂಡು, ಬೆಳಕು ಹರಿಯುವ ಮೊದಲೇ ಹೊಳೆಯ ದಾರಿ ಹಿಡಿದರು. ಧೂಳಿಗೆಂದು ಸುತ್ತಿಕೊಂಡಿದ್ದೇವೆ ಅನ್ನುತ್ತಿದ್ದರು.

ಕಾಕಾ ಹೊರಟ ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತಿದ್ದ.

"ಎಲ್ಲಿಗಿ ಹೊಂಟಿ?"

"ಗೊತ್ತದಲ್ಲ."

"ನಿನ್ನೆ ಮೊನ್ನೆ ಆ ಲಾರಿ ಮುಂದ ನಮ್ಮವ್ವ ಕುಂತಿದ್ಲಲೇ ಭೀಮ್ಯಾ. ಅದೇ ಲಾರಿ ತುಂಬಾಕ ಹೋಗ್ತಿ?"

"ಆಕಿ ಕುಂತಳಂತ ಲಾರಿ ನಿಂತ್ವೇನಣ್ಣಾ?" ಕಾಕಾನ ದನಿ ಏರಲಿಲ್ಲ. "ಕಸ್ತೂರಿ ಬಸರಿ ಅದಾಳ. ಮನ್ಯಾಗ ಜ್ವಾಳ ಎಷ್ಟದ ನೋಡಿ ಬಾ ಹೋಗು. ನಾ ಹೋಗಲಿಲ್ಲಂದ್ರ ಉಸುಕು ಉಳಿತದ ಅನ್ನು, ಇಲ್ಲೇ ಕೂಡ್ತೇನಿ."

ಅಪ್ಪ ಬಾಗಿಲು ಬಿಟ್ಟು ಸರಿದ. ಒಳಗಿದ್ದ ಆಯಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಆ ದಿನದಿಂದ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಿಲ್ಲ. ಮೊದಲು ಕಾಕಾ ಉಂಡು ಏಳುತ್ತಿದ್ದ, ಆಮೇಲೆ ಅಪ್ಪ ಬರುತ್ತಿದ್ದ. ಕಾಕಿ ಅವರಿಬ್ಬರ ನಡುವೆ ತಾಟು ಇಡುತ್ತ, ಎತ್ತುತ್ತ ತಲೆ ತಗ್ಗಿಸಿ ಓಡಾಡುತ್ತಿದ್ದಳು. ಹರಳಾಟವನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು.

ಹೊಳೆಯ ರೂಪ ಬದಲಾಗುತ್ತ ಹೋಯಿತು. ಮೊದಲು ಅಲ್ಲಲ್ಲಿ ಕುಣಿಗಳು. ಆಮೇಲೆ ಕುಣಿಗಳು ಕೂಡಿ ದೊಡ್ಡ ಹೊಂಡ. ಆಳಕ್ಕೆ ಹೋದಷ್ಟೂ ಉಸುಕು ದಪ್ಪ, ಕಟ್ಟಡಕ್ಕೆ ಒಳ್ಳೆಯದಂತೆ. ಆಳುಗಳು ತಳದಲ್ಲಿ ನಿಂತು ಗೋಡೆಯ ಬುಡ ಕೆರೆಯುತ್ತಿದ್ದರು, ಮೇಲಿನದು ತಾನಾಗಿಯೇ ಜರಿದು ಬೀಳುತ್ತಿತ್ತು. ಎತ್ತುವ ಶ್ರಮ ಅಷ್ಟು ಕಡಿಮೆ, ಲಾರಿ ಬೇಗ ತುಂಬುತ್ತಿತ್ತು. ನಮ್ಮ ಪಟ್ಟಿಯಿದ್ದ ಜಾಗಕ್ಕೆ ಹೊಂಡ ಬಂದಾಗ ಕಾಕಾ ಉಳಿದವರಿಗೆ, "ಅದು ನಾ ತೆಗೀತೇನಿ, ನೀವು ಆ ಕಡಿ ಹೋಗ್ರಿ" ಅಂದನಂತೆ. ಯಾಕೆ ಹಾಗೆ ಅಂದನೋ ಯಾರೂ ಕೇಳಲಿಲ್ಲ. ಇದನ್ನು ನಮಗೆ ಆಮೇಲೆ ಹೇಳಿದವರು ಅವನ ಜೊತೆ ಸಲಿಕೆ ಹಿಡಿದಿದ್ದವರು.

ಆ ದಿನ ಶಾಲೆಗೆ ರಜೆ. ಬುತ್ತಿ ಕೊಡಲು ಕಾಕಿ ಹೊರಟಾಗ ನಾನೂ ಹೋದೆ. ಅವಳ ಹೊಟ್ಟೆ ಎದ್ದು ಕಾಣುತ್ತಿತ್ತು, ಉಸುಕಿನಲ್ಲಿ ನಡೆದರೆ ಏದುಸಿರು ಬರುತ್ತಿತ್ತು. ದಂಡೆ ಇಳಿಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದಳು. ಬಿಸಿಲು ನೆತ್ತಿಗೆ ಬಂದಿತ್ತು. ಗಾಳಿ ಇರಲಿಲ್ಲ. ನಾವು ಹೊಂಡದಿಂದ ಇನ್ನೂ ದೂರವಿದ್ದಾಗಲೇ ಯಾರೋ ಕೂಗಿದರು. ಹೆಸರು ಹಿಡಿದು ಕೂಗಿದ್ದಲ್ಲ, ಬರೀ ಕೂಗು. ಆಮೇಲೆ ಎಲ್ಲ ದಿಕ್ಕಿನಿಂದ ಜನ ಓಡಿದರು.

ಉಸುಕು ಕುಸಿದರೆ ಸದ್ದಾಗುವುದಿಲ್ಲ. ಮಣ್ಣಾದರೆ ಧಬ್ ಅನ್ನುತ್ತದೆ. ನಾವು ಕೇಳಿದ್ದು ಜನರ ಸದ್ದನ್ನು ಮಾತ್ರ.

ಹೊಂಡದ ಅಂಚಿಗೆ ಬಂದಾಗ ಒಳಗೆ ಜನ ಮೊಣಕಾಲೂರಿ ಕೈಯಿಂದ ಉಸುಕು ಬಾಚುತ್ತಿದ್ದರು. ಸಲಿಕೆ ತಗಲೀತೆಂದು ಸಲಿಕೆ ಹಿಡಿದಿರಲಿಲ್ಲ. ಬಾಚಿದಷ್ಟೂ ಮೇಲಿನಿಂದ ಮತ್ತೆ ಇಳಿಯುತ್ತಿತ್ತು. "ಅಂಚಿಗಿ ನಿಂದ್ರಬ್ಯಾಡ್ರಿ, ಹಿಂದ ಸರೀರಿ!" ಎಂದು ಒಬ್ಬರು ಚೀರಿದರು. ಯಾರು ಸಿಕ್ಕಿಬಿದ್ದಿದ್ದಾರೆಂದು ನಮಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಎಲ್ಲರೂ ಕಾಕಿಯ ಮುಖ ನೋಡಿ ಮುಖ ತಿರುಗಿಸುತ್ತಿದ್ದರು. ಅಪ್ಪ ಎಲ್ಲಿಂದ ಬಂದನೋ, ಮೈಮೇಲೆ ಅಂಗಿಯಿಲ್ಲದೆ ಹೊಂಡಕ್ಕೆ ಹಾರಿ, "ಭೀಮ್ಯಾ, ಏ ತಮ್ಮಾ, ಭೀಮ್ಯಾ" ಅನ್ನುತ್ತ ನಾಯಿಯ ಹಾಗೆ ಎರಡೂ ಕೈಯಿಂದ ಕೆದರಿದ. ಎಷ್ಟೋ ದಿನಗಳ ಮೇಲೆ ಅವನ ಬಾಯಲ್ಲಿ ತಮ್ಮನ ಹೆಸರು ಬಂದದ್ದು ಹಾಗೆ.

ಅವನನ್ನು ಎತ್ತಿದಾಗ ಮೈಯೆಲ್ಲ ಬೆಲ್ಲದ ಬಣ್ಣದ ಹಸಿ ಉಸುಕು ಮೆತ್ತಿಕೊಂಡಿತ್ತು. ಗಾಯವಿರಲಿಲ್ಲ. ಕಾಕಿ ಅಳಲಿಲ್ಲ. ಬುತ್ತಿಯ ಗಂಟು ಕೆಳಗಿಟ್ಟು, ತಂಬಿಗೆಯ ನೀರಿನಲ್ಲಿ ಸೆರಗು ಅದ್ದಿ, ಅವನ ಕಣ್ಣು, ಮೂಗು, ತುಟಿ ಒರೆಸಿದಳು. ಎಷ್ಟು ಒರೆಸಿದರೂ ಮೂಗಿನಿಂದ ಉಸುಕು ಬರುತ್ತಲೇ ಇತ್ತು. ಕೊನೆಗೆ ಅವ್ವ ಬಂದು ಅವಳ ಕೈ ಹಿಡಿದುಕೊಂಡಳು.

ಸಂಜೆ ಹೆಣದ ಪಂಚನಾಮೆಗೆ ಪೊಲೀಸರು, ತಲಾಟಿ ಬಂದರು. ಸಾವಕಾರ ಬರಲಿಲ್ಲ. ಮುನೀಮ ದಂಡೆಯ ಮೇಲೆ ನಿಂತೇ ಹೇಳಿದ: "ಅವ ನಮ್ಮ ಆಳಲ್ಲ. ನಮ್ಮವರು ಊಟಕ್ಕ ಮ್ಯಾಲ ಬಂದಿದ್ರು. ತನ್ನ ಪಾಲಿಗಿ ಉಸುಕು ತೆಗೀಲಾಕ ಇಳಿದಿರಬೇಕು." ಜೊತೆಗಿದ್ದ ಆಳುಗಳು ಬಾಯಿ ತೆರೆದರು, ಮುನೀಮ ಅವರನ್ನೊಮ್ಮೆ ನೋಡಿದ, ಬಾಯಿ ಮುಚ್ಚಿದರು. ಅವರನ್ನು ನಾನು ಬೈಯಲಾರೆ. ಮರುದಿನ ಅವರ ಮನೆಯಲ್ಲೂ ಒಲೆ ಹತ್ತಬೇಕಿತ್ತು. ತಲಾಟಿ ಬರೆದದ್ದನ್ನು ಓದಿ ಹೇಳಿದರು. ಸರ್ಕಾರಿ ಜಾಗದಲ್ಲಿ ಅನುಮತಿಯಿಲ್ಲದೆ ಇಳಿದು, ಅಂತ ಶುರುವಾಗುತ್ತಿತ್ತು.

ಅಪ್ಪ ಕೈ ಮುಗಿದು ಕೇಳಿದ, "ಬಿತ್ತಿದಾಗ ಅತಿಕ್ರಮಣ ಅಂದ್ರಿ. ಬಿಟ್ಟು ಎದ್ದು ಹೋದ್ವಿ. ಕೂಲಿಗಿ ಕರದ್ರಿ, ಬಂದ. ಸತ್ತ ಮ್ಯಾಗೂ ಅತಿಕ್ರಮಣಾನೇ ಏನ್ರಿ?"

ತಲಾಟಿ ಆಯಿಯ ಹತ್ತಿರ ಹೋಗಿ ಏನೋ ಅನ್ನಲು ಹೊರಟರು. ಆಯಿ ಅವರನ್ನು ನೋಡಲೂ ಇಲ್ಲ. ಆಮೇಲೆ ಅವರು ನಮ್ಮೂರಲ್ಲಿ ಇದ್ದಷ್ಟು ಕಾಲ ನಮ್ಮ ಓಣಿಯಿಂದ ಹಾಯಲಿಲ್ಲ. ಚಾವಡಿಗೆ ಹೋಗಲು ಹನುಮಂತದೇವರ ಗುಡಿಯ ಹಿಂದಿನಿಂದ ಸುತ್ತಿ ಹೋಗುತ್ತಿದ್ದರು.

ದಿನಕರ್ಮ ಮುಗಿದ ಮೇಲೆ ಕಾಕಿಯ ಅಣ್ಣಂದಿರು ಬಂಡಿ ಕಟ್ಟಿಕೊಂಡು ಬಂದು ಅವಳನ್ನು ಜೇವರ್ಗಿ ಕಡೆಗೆ ಕರೆದುಕೊಂಡು ಹೋದರು. ಬಂಡಿ ಏರುವಾಗ ನನ್ನನ್ನು ಅಪ್ಪಿಕೊಂಡಳು. ಹೊಟ್ಟೆಯೊಳಗಿನ ಕೂಸು ಒದ್ದದ್ದು ನನಗೆ ತಿಳಿಯಿತು. ಮುಂಗಾರಿನ ಮೊದಲ ಮಳೆಗೆ ಹೆಣ್ಣು ಹುಟ್ಟಿತೆಂದು ಸುದ್ದಿ ಬಂತು. ತಂದೆಯ ಹೆಸರನ್ನೇ ಇಟ್ಟು ಭೀಮಬಾಯಿ ಎಂದು ಕರೆದರಂತೆ.

ಆ ಮಳೆಗಾಲದಲ್ಲಿ ಹೊಳೆ ಬಂತು, ಹೊಂಡಗಳನ್ನು ತುಂಬಿತು, ಹೋಯಿತು. ಆದರೆ ಹೋದಷ್ಟು ಉಸುಕನ್ನು ತರಲಿಲ್ಲ. ದೀಪಾವಳಿ ಮುಗಿದ ಮೇಲೆ ಯಾರೂ ಕೆಳಗೆ ಇಳಿಯಲಿಲ್ಲ. ಅವ್ವ ತನ್ನ ಅಣ್ಣನಿಗೆ ಹೇಳಿ ಕಳಿಸಿದಳು, ನಾವು ತೊಗರಿ ಕೊಯ್ಯಲು ನಿಂಬರ್ಗಾಕ್ಕೆ ಹೋದೆವು. ಮದುವೆಯಾಗಿ ಬಿಟ್ಟು ಬಂದಿದ್ದ ತವರೂರಿಗೆ ಅವ್ವ ಕೂಲಿಯವಳಾಗಿ ಗಂಡನನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಯಾಗಿದ್ದಾಗ ಜೊತೆಗಿದ್ದವರೇ ಹೊಲದ ಬದುವಿನ ಮೇಲೆ ನಿಂತು "ಜಲ್ದಿ ಕೊಯ್ರಿ, ಜಲ್ದಿ" ಅನ್ನುತ್ತಿದ್ದರು. ಅವಳು ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅಪ್ಪನಿಗೆ ಕುಡುಗೋಲು ಹಿಡಿಯಲು ಸರಿಯಾಗಿ ಬರುತ್ತಿರಲಿಲ್ಲ. ಅವನ ಸಾಲು ಯಾವಾಗಲೂ ಹಿಂದುಳಿಯುತ್ತಿತ್ತು. ನಾನು ಅಲ್ಲಿನ ಶಾಲೆಗೆ ಸೇರಿದೆ. ಸೋದರಮಾವ ಮನೆಯಲ್ಲಿಟ್ಟುಕೊಂಡು ಓದಿಸಿದ. ಆ ಸುಗ್ಗಿ ಹಾಗೆ ಕೆಡದಿದ್ದರೆ ನಾನು ಓದುತ್ತಿರಲಿಲ್ಲವೇನೋ. ಆಯಿ ನಮ್ಮ ಜೊತೆ ಬರಲಿಲ್ಲ. ಇನ್ನೆರಡು ಮಳೆಗಾಲ ಕಂಡು ತೀರಿಹೋದಳು.

ಈಗ ಸೊನ್ನದಲ್ಲಿ ಬ್ಯಾರೇಜು ಆಗಿದೆ. ಅದರ ಹಿನ್ನೀರು ನಮ್ಮೂರ ಕೆಳಗೆ ನಿಂತಿದೆ. ದಂಡೆಯ ಮೇಲೆ ಹೊಲವಿದ್ದವರು ಮೋಟಾರು ಇಳಿಸಿ ಕಬ್ಬು ಬೆಳೆಯುತ್ತಾರೆ, ಅವರಿಗೆ ಒಳ್ಳೆಯದಾಗಿದೆ. ಅದನ್ನು ಇಲ್ಲವೆನ್ನಲಾರೆ. ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ. ಕೆಲವರು ಸೊಲ್ಲಾಪುರಕ್ಕೆ ಹೋದರು, ಕೆಲವರು ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದರು. ಉಸುಕಿನ ಕಲ್ಲಂಗಡಿಯ ಬೀಜವನ್ನು ಯಾರೂ ಎತ್ತಿಟ್ಟಿಲ್ಲ. ನಾನು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಮನೆ ಕಟ್ಟಿಸಿದೆವು. ಉಸುಕಿನ ಲಾರಿ ಬಂದು ಗೋಡೆ ಏಳುವಾಗ ನಾನು ಆ ಕಡೆ ಹೋಗಲಿಲ್ಲ, ಯಜಮಾನರೇ ನಿಂತು ಕಟ್ಟಿಸಿದರು.

ಹೋದ ವರ್ಷ ಭೀಮಬಾಯಿ ನಮ್ಮ ಮನೆಗೆ ಬಂದಿದ್ದಳು. ಈಗ ಶಾಲೆಯಲ್ಲಿ ಟೀಚರು. ಎತ್ತರ, ನಗುವಾಗ ತಲೆ ಹಿಂದಕ್ಕೆ ಚೆಲ್ಲುತ್ತಾಳೆ. ಅದನ್ನು ಅವಳಿಗೆ ಯಾರು ಕಲಿಸಿದರು! ಒಮ್ಮೆ ತಂದೆಯ ಊರು ನೋಡಬೇಕೆಂದಳು. ಕರೆದುಕೊಂಡು ಹೋದೆ. ಇಬ್ಬರೂ ದಂಡೆಯ ಮೇಲೆ ನಿಂತೆವು. ಕೆಳಗೆ ಅಲುಗಾಡದ ಹಸಿರು ನೀರು, ಈ ದಡದಿಂದ ಆ ದಡದವರೆಗೆ. ಅಂಚಿನಲ್ಲಿ ಜಾಲಿ ಬೆಳೆದಿತ್ತು.

"ಅಕ್ಕಾ, ಅಪ್ಪನ ಪಟ್ಟಿ ಎಲ್ಲಿತ್ತು?" ಎಂದು ಕೇಳಿದಳು.

ನಾನು ಕೈ ಎತ್ತಿದೆ. ಮುಂದೆ ಚಾಚಿದೆ. ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಅವಳು ನನ್ನ ಬೆರಳನ್ನೇ ನೋಡುತ್ತ ಕಾಯುತ್ತಿದ್ದಳು.